ಸೂಜಿಯಕ್ಕನ ಮೈಮೇಲಿನ ಗಂಧೆ

ನಮ್ಮ ರಫೂ ಅಂಗಡಿಯಲ್ಲಿ ಯಾರ ಬೆಲೆ ಎಷ್ಟು ಎನ್ನುವುದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂದು ನೋಡಿದರೆ ಸಾಕಿತ್ತು. ಕಪ್ಪು ಕೋಟಿನಲ್ಲಿ ಕಪ್ಪು ಎಳೆ ಕಾಣಬೇಕಾದರೆ ಹಗಲಿನ ಬೆಳಕೇ ಬೇಕು. ಬಲ್ಬಿನ ಕೆಳಗೆ ಎಲ್ಲ ಕಪ್ಪೂ ಒಂದೇ. ಹಾಗಾಗಿ ಎಲ್ಲರಿಗಿಂತ ಚೆನ್ನಾಗಿ ರಫೂ ಮಾಡುವವರಿಗೆ ಆ ಕುರ್ಚಿ, ಉಳಿದವರಿಗೆ ಒಳಗಿನ ಉದ್ದ ಬೆಂಚು. ನಾನು ಇನ್ನೂ ಹಿಂದೆ, ಬಾಗಿಲಿಲ್ಲದ ಕೋಣೆಯಲ್ಲಿ ಇಸ್ತ್ರಿ ಹಾಕುವವಳು. ಇಸ್ತ್ರಿ ಚೆನ್ನಾಗಿ ಬಿದ್ದರೆ ಗಿರಾಕಿಗಳು ರಫೂ ಚೆನ್ನಾಗಿದೆ ಎನ್ನುತ್ತಾರೆ, ರಫೂ ಕೆಟ್ಟರೆ ಇಸ್ತ್ರಿಯವಳು ಸುಟ್ಟಳು ಎನ್ನುತ್ತಾರೆ. ಹೊಟ್ಟೆಕಿಚ್ಚಿನ ಕತೆ ಹೇಳಲು ಈ ಊರಿನಲ್ಲಿ ನನಗಿಂತ ಯೋಗ್ಯರು ಸಿಗಲಿಕ್ಕಿಲ್ಲ.

ಆ ಕಿಟಕಿ ಕುರ್ಚಿಯನ್ನು ವರ್ಷಗಟ್ಟಲೆ ಆಳಿದವಳು ಸೂಜಿಯಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಅವಳ ಗಂಡನಿಗೂ ಮರೆತುಹೋಗಿತ್ತು. ಗುಂಡಿ ಹೊಲಿಯುವ ಕೆಲಸಕ್ಕೆಂದು ಅಂಗಡಿಗೆ ಸೇರಿದ ಹುಡುಗಿ, ಅಂಗಡಿ ಯಜಮಾನರ ತಾಯಿಯ ಪಕ್ಕದಲ್ಲಿ ಕೂತು ನೋಡಿ ನೋಡಿಯೇ ರಫೂ ಕಲಿತಳು. ಮುದುಕಿ ತಾನಾಗಿ ಏನನ್ನೂ ಹೇಳಿಕೊಟ್ಟವರಲ್ಲ. ಇವಳು ಕೇಳಿದವಳೂ ಅಲ್ಲ. ರಫೂ ಎಂದರೆ ತೇಪೆಯಲ್ಲ ಎನ್ನುವುದನ್ನು ತಿಳಿಯದವರಿಗೆ ಹೇಳಿಬಿಡುತ್ತೇನೆ. ಕೋಟಿಗೆ ತೂತು ಬಿದ್ದರೆ ಅದೇ ಕೋಟಿನ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿ ತೆಗೆದು, ಆ ಎಳೆಯಿಂದಲೇ ತೂತಿನ ಮೇಲೆ ಹೊಸದಾಗಿ ಬಟ್ಟೆ ನೇಯಬೇಕು. ನೇಯ್ದದ್ದು ಕಾಣಬಾರದು. ಕಂಡರೆ ಅದು ಹೊಲಿಗೆ, ಕಾಣದಿದ್ದರೆ ರಫೂ. ಸೂಜಿಯಕ್ಕ ಅದರಲ್ಲಿ ಎತ್ತಿದ ಕೈ. ಕೋಪವೂ ಅವಳಿಗೆ ಮೂಗಿನ ತುದಿಯಲ್ಲೇ ಇತ್ತು. ಗಿರಾಕಿ ‘ಎಲ್ಲಿ ತೂತಿತ್ತು, ತೋರಿಸಿ’ ಎಂದರೆ, ‘ತೋರ್ಸಕ್ಕಾದ್ರೆ ನಾನ್ಯಾಕೆ ಮಾಡ್ಬೇಕಿತ್ತು’ ಎಂದು ಕೋಟನ್ನು ಮುಖಕ್ಕೆ ಹಿಡಿಯುವಳು. ಗಿರಾಕಿಗಳಿಗೆ ಅದೂ ಇಷ್ಟವಾಗುತ್ತಿತ್ತು. ನಾನು ಹಾಗೆ ಒಂದು ಮಾತಾಡಿದ್ದರೆ ಯಜಮಾನರು ನನ್ನನ್ನು ಅವತ್ತೇ ಮನೆಗೆ ಕಳಿಸುತ್ತಿದ್ದರು.

ಇಂಥವಳ ಮೈದುನನಿಗೆ ಮದುವೆಯಾಯಿತು, ಮನೆಗೆ ವಾರಗಿತ್ತಿ ಬಂದಳು. ಮೆದು ಮಾತಿನ, ಕಡ್ಡಿಯಂಥ ಹುಡುಗಿ. ಅವಳನ್ನು ಅಂಗಡಿಗೆ ಕರೆತಂದವಳು ಸೂಜಿಯಕ್ಕನೇ. ‘ಮನೇಲಿ ಕೂತು ಏನ್ ಮಾಡ್ತಾಳೆ, ಎಳೆ ಬಿಡಿಸಿ ಕೊಡೋಕಾದ್ರೂ ಆಗ್ಲಿ’ ಎಂದು ಬೆಂಚಿನ ತುದಿಯಲ್ಲಿ ಕೂರಿಸಿದಳು. ಮೊದಮೊದಲು ಅವಳನ್ನು ತಲೆ ಮೇಲೆ ಹೊತ್ತು ಮೆರೆಸಿದಳು. ನೋಡಿ ನಮ್ಮ ಹುಡುಗಿ ಎಷ್ಟು ಬೇಗ ಕಲಿತಳು ಎಂದು ಬಂದವರಿಗೆಲ್ಲ ಹೇಳುವಳು. ಆದರೆ ಕಲಿಯುವವರು ಒಂದು ಗೆರೆಯ ತನಕ ಕಲಿತರೆ ಕಲಿಸಿದವರಿಗೆ ಸಂತೋಷ. ಈ ಹುಡುಗಿ ಗೆರೆ ಎಲ್ಲಿದೆ ಎಂದು ನೋಡಲೇ ಇಲ್ಲ, ದಾಟಿಕೊಂಡು ಹೋದಳು.

ಒಂದು ದಿನ ಗಿರಾಕಿಯೊಬ್ಬರು ಕಿಟಕಿ ದಾಟಿ ಒಳಗೆ ಬಂದು, ‘ಆ ಬೆಂಚಿನಲ್ಲಿ ಕೂರ್ತಾರಲ್ಲ, ಅವರ ಕೈಲೇ ಮಾಡಿಸಿ’ ಎಂದರು. ಯಜಮಾನರು ಸೂಜಿಯಕ್ಕನ ಮುಖ ನೋಡಿದರು. ಸೂಜಿಯಕ್ಕ ಸೂಜಿಗೆ ನೂಲು ಪೋಣಿಸುವವಳ ಹಾಗೆ ತಲೆ ತಗ್ಗಿಸಿದಳು. ಸೂಜಿಯಲ್ಲಿ ಆಗಲೇ ನೂಲಿತ್ತು. ಅದಾದ ಮೇಲೆ ಇನ್ನೊಬ್ಬರು, ಮತ್ತೊಬ್ಬರು. ವಾರಗಿತ್ತಿಯ ಮುಂದೆ ಕೋಟುಗಳು ರಾಶಿ ಬೀಳತೊಡಗಿದವು. ಮುಖ ಗಂಟಿಕ್ಕಿಕೊಂಡು ಕೂತ ಸೂಜಿಯಕ್ಕ ಹೊತ್ತಿಗೊಮ್ಮೆ ಆ ರಾಶಿಯನ್ನು ಕಣ್ಣಲ್ಲೇ ಅಳೆಯುವಳು. ಯಜಮಾನರು ಬೆಳಕಿನ ವಿಷಯ ಎತ್ತಿದ್ದೂ ಅದೇ ದಿನಗಳಲ್ಲಿ. ಹುಡುಗಿಗೆ ಕಪ್ಪು ಬಟ್ಟೆ ಬಂದಾಗ ಸ್ವಲ್ಪ ಹೊತ್ತು ಕಿಟಕಿ ಬಿಟ್ಟುಕೊಡಬಹುದಲ್ಲ ಎಂದು ಸಹಜವಾಗಿ ಕೇಳಿದರು. ಸೂಜಿಯಕ್ಕ ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಅವಳು ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಗಂಧೆ ಏಳಲು ಶುರುವಾದದ್ದು ಆಮೇಲೆ. ಮೊದಲು ಸೊಂಟದಲ್ಲಿ, ನಂತರ ತೊಡೆ, ಬೆನ್ನು, ಕುತ್ತಿಗೆ. ಕೆಂಪಗೆ, ದಪ್ಪಗೆ, ಅಂಗೈಯಗಲದ ದದ್ದುಗಳು. ಬೆಳಿಗ್ಗೆ ಕತ್ತಿನಲ್ಲಿದ್ದದ್ದು ಸಂಜೆಗೆ ಮಾಯ, ಮಾರನೇ ದಿನ ಮೊಣಕಾಲಲ್ಲಿ ಹೊಸದು. ಗುರುತು ಕೂಡ ಉಳಿಯುತ್ತಿರಲಿಲ್ಲ, ಹಾಗಾಗಿ ಯಾರಿಗಾದರೂ ತೋರಿಸುವ ಹೊತ್ತಿಗೆ ತೋರಿಸಲು ಏನೂ ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಮೇಲ್ತುಟಿ ಊದಿ ಮೂಗಿನ ಹತ್ತಿರಕ್ಕೆ ಹೋಗಿತ್ತು. ನಾನು ನಕ್ಕುಬಿಟ್ಟೆ. ಆಮೇಲೆ ಅವಳ ಕಣ್ಣಲ್ಲಿ ನೀರು ಕಂಡು ತೆಪ್ಪಗಾದೆ. ಪಿತ್ತ ಎಂದರು, ಸೋಪು ಎಂದರು, ಹೊಟ್ಟೆ ಸರಿಯಿಲ್ಲ ಎಂದರು. ಬಸ್ ಓಡಿಸುವ ಅವಳ ಗಂಡ ಔಷಧಿ ಅಂಗಡಿಯಿಂದ ಮಾತ್ರೆ ತಂದುಕೊಟ್ಟ. ತಿಂದ ದಿನ ಕಡಿಮೆ, ಬಿಟ್ಟ ದಿನ ಮತ್ತೆ ಅದೇ. ಒಂದು ತಿಂಗಳಾಯಿತು, ಎರಡಾಯಿತು. ಸೂಜಿ ಹಿಡಿದ ಕೈ ಎಳೆ ಬಿಟ್ಟು ಮೈ ಪರಚಲು ಹೋಗುತ್ತಿತ್ತು. ತುರಿಕೆ ಬಂದ ಕೈಯಲ್ಲಿ ರಫೂ ಆಗುವುದಿಲ್ಲ. ಅವಳ ಮುಂದಿನ ಕೋಟುಗಳೂ ಸದ್ದಿಲ್ಲದೆ ಬೆಂಚಿನ ರಾಶಿ ಸೇರಿದವು.

ಎರಡೂ ಒಟ್ಟಿಗೆ ನಡೆಯುತ್ತಿದ್ದಾಗ ಮನಸ್ಸು ಸುಮ್ಮನಿರುತ್ತದೆಯೇ? ವಾರಗಿತ್ತಿ ಬಂದಳು, ಗಂಧೆ ಬಂತು. ವಾರಗಿತ್ತಿಯ ರಾಶಿ ಬೆಳೆಯಿತು, ಗಂಧೆಯೂ ಬೆಳೆಯಿತು. ಹುಡುಗಿಗೆ ಒಂದು ನೀಲಿ ಉಣ್ಣೆಯ ಶಾಲಿತ್ತು, ತವರಿನಿಂದ ತಂದದ್ದು. ಮನೆಯಲ್ಲಿ ಅದು ಸೂಜಿಯಕ್ಕನ ಬಟ್ಟೆಯ ಪಕ್ಕದಲ್ಲೇ ಗೂಟಕ್ಕೆ ನೇತಾಡುತ್ತಿತ್ತು, ಅಂಗಡಿಯಲ್ಲಿ ಬೆಂಚಿನ ಮೇಲೆ ಇರುತ್ತಿತ್ತು. ಸೂಜಿಯಕ್ಕನ ಕಣ್ಣು ಅದರ ಮೇಲೆ ಬಿತ್ತು.

ಅವಳು ಮಾಡಿದ ತಪ್ಪನ್ನು ರಫೂ ಮಾಡುವವರು ಮಾತ್ರ ಮಾಡಲು ಸಾಧ್ಯ. ನಮ್ಮಲ್ಲಿ ಬಣ್ಣ ಬಿಡುವ ಎಳೆಗೆ ಕಳ್ಳ ಎಳೆ ಎನ್ನುತ್ತೇವೆ. ಅದನ್ನು ಹಿಡಿಯುವ ಬಗೆ ಹೀಗೆ: ಎಳೆಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಗೆ ಒತ್ತಿ, ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಸಂಜೆವರೆಗೆ ಬಿಡುವುದು. ಬಿಚ್ಚಿದಾಗ ಬಿಳಿ ಬಟ್ಟೆಯಲ್ಲಿ ಕಲೆ ಕಂಡರೆ ಎಳೆ ಕಳ್ಳ. ಜೀವಮಾನವಿಡೀ ಈ ಪರೀಕ್ಷೆ ಮಾಡಿದವಳು ಇದನ್ನೇ ತನ್ನ ಮೈಮೇಲೆ ಮಾಡಿಕೊಂಡಳು. ಶಾಲಿನ ಅಂಚಿನಿಂದ ಬೆರಳಗಲದ ಚೂರು ಕತ್ತರಿಸಿ, ಒದ್ದೆ ಮಾಡಿ, ಮುಂಗೈ ಮೇಲಿಟ್ಟು, ರಕ್ತ ನಿಲ್ಲುವಷ್ಟು ಬಿಗಿಯಾಗಿ ಪಟ್ಟಿ ಸುತ್ತಿ, ಮೇಲೆ ರವಿಕೆಯ ಉದ್ದ ತೋಳು ಇಳಿಬಿಟ್ಟು ಕೆಲಸಕ್ಕೆ ಕೂತಳು. ಸಂಜೆ ನನ್ನ ಕೋಣೆಗೆ ಬಂದು ಬಿಚ್ಚಿ ತೋರಿಸಿದಳು. ಪಟ್ಟಿ ಇದ್ದ ಕಡೆ ತೋಳು ಕೆಂಪಗೆ ಊದಿ ಬಾಸುಂಡೆ ಎದ್ದಿತ್ತು. ಅವಳ ಮುಖದಲ್ಲಿ ನೋವಿರಲಿಲ್ಲ. ಕಳೆದ ಎರಡು ತಿಂಗಳಲ್ಲಿ ನಾನು ಅವಳನ್ನು ಅಷ್ಟು ಖುಷಿಯಾಗಿ ನೋಡಿದ್ದು ಅದೊಂದೇ ಸಲ.

ಮಾರನೇ ದಿನ ಎಲ್ಲರ ಮುಂದೆ ಹೇಳಿದಳು. ವಾರಗಿತ್ತಿಯ ಶಾಲು, ಅವಳ ಕೈ, ಅವಳು ಮುಟ್ಟಿದ ಬಟ್ಟೆ, ಅದರಿಂದಲೇ ತನಗೆ ಹೀಗೆ. ಕೌಂಟರಿನ ಆಚೆ ನಿಂತಿದ್ದ ಇಬ್ಬರು ಗಿರಾಕಿಗಳು ಕೇಳಿಸಿಕೊಂಡರು. ಇಂಥ ಮಾತಿಗೆ ಉಪ್ಪುಖಾರ ಹಚ್ಚುವವರು ಎಲ್ಲ ಬೀದಿಯಲ್ಲೂ ಇದ್ದಾರೆ. ವಾರದೊಳಗೆ ‘ಆ ಹುಡುಗಿ ರಫೂ ಮಾಡಿದ ಕೋಟು ಹಾಕಿಕೊಂಡರೆ ಮೈಯೆಲ್ಲ ಏಳುತ್ತಂತೆ’ ಎನ್ನುವಲ್ಲಿಗೆ ಬಂದು ನಿಂತಿತು. ಯಜಮಾನರು ಮೀನ ಮೇಷ ಎಣಿಸಿದರು. ಅವರಿಗೆ ಅಂಗಡಿಯ ಹೆಸರಿನ ಚಿಂತೆ. ಅವರು ಬಾಯಿಬಿಡುವ ಮೊದಲೇ ಹುಡುಗಿ ತನ್ನ ಸೂಜಿ, ಕತ್ತರಿ ಕಟ್ಟಿಕೊಂಡಳು. ಗಂಡನನ್ನು ಕರೆದುಕೊಂಡು ಮನೆಯನ್ನೂ ಬಿಟ್ಟಳು, ಬೇಕರಿಯ ಮೇಲಿನ ಬಾಡಿಗೆ ಕೋಣೆಗೆ ಹೋದಳು. ಅಂಗಡಿ ಬಿಡುವಾಗ ಕಿಟಕಿ ಹತ್ತಿರ ನಿಂತು ಒಂದೇ ಮಾತು ಕೇಳಿದಳು.

‘ಅಕ್ಕ, ನಾನು ಹೋದ್ಮೇಲೂ ಎದ್ರೆ ಆಗ ಯಾರ ಹೆಸರು ಹೇಳ್ತೀರ?’

ಉತ್ತರ ಸೂಜಿಯಕ್ಕನ ಮೈಮೇಲೆ ಬಂತು. ಹುಡುಗಿ ಹೋದಳು, ಶಾಲು ಹೋಯಿತು, ಬೆಂಚು ತೊಳೆದದ್ದಾಯಿತು, ಗಂಧೆ ಮಾತ್ರ ಮೊದಲಿಗಿಂತ ಜೋರಾಗಿ ಎದ್ದಿತು. ಹುಡುಗಿ ಕೂತಿದ್ದ ಜಾಗದ ಗಾಳಿ ಇನ್ನೂ ಇದೆ ಎಂದಳು. ಆಮೇಲೆ ಮನೆಯ ಹಾಸಿಗೆ ಬದಲಾಯಿಸಿದಳು, ಸೋಪು ಬದಲಾಯಿಸಿದಳು, ಒಂದೊಂದೇ ತಿನಿಸು ಬಿಟ್ಟಳು. ಅರ್ಧ ಆಳಾದಳು. ಕೊನೆಗೆ ಗಂಡನೇ ರೇಗಿ, ಚರ್ಮದ ಡಾಕ್ಟರ ಹತ್ತಿರ ಹೋಗದಿದ್ದರೆ ತಾನು ಊಟ ಬಿಡುತ್ತೇನೆ ಎಂದ. ಅವನಿಗೆ ರಜೆ ಸಿಗಲಿಲ್ಲ, ಜೊತೆಗೆ ನಾನು ಹೋದೆ. ಇಸ್ತ್ರಿಯವಳು ಒಂದು ದಿನ ಇಲ್ಲದಿದ್ದರೆ ಅಂಗಡಿ ಏನೂ ಮುಳುಗುವುದಿಲ್ಲ ಎಂದು ಯಜಮಾನರು ಹೇಳಿದ್ದನ್ನು ನಾನು ಇನ್ನೂ ಮರೆತಿಲ್ಲ.

ಡಾಕ್ಟರಮ್ಮ ವಯಸ್ಸಾದವರು, ಆತುರವಿಲ್ಲದವರು. ಎಲ್ಲ ಕೇಳಿಸಿಕೊಂಡರು. ಶಾಲಿನ ಪರೀಕ್ಷೆಯನ್ನು ಸೂಜಿಯಕ್ಕ ಹೆಮ್ಮೆಯಿಂದಲೇ ವಿವರಿಸಿದಳು. ಅವರು ನಗಲಿಲ್ಲ. ಅದೇ ರೀತಿ ನಿಮ್ಮದೇ ಬಟ್ಟೆ ಕಟ್ಟಿ ನೋಡಿದಿರಾ ಎಂದು ಕೇಳಿದರು. ಸೂಜಿಯಕ್ಕ ನನ್ನ ಕಡೆ ನೋಡಿದಳು. ನೋಡಿರಲಿಲ್ಲ. ಅವಳ ಬಟ್ಟೆಯ ಮೇಲೆ ಅವಳಿಗೆ ಅನುಮಾನವೇಕೆ ಬರಬೇಕು? ಇಂಥ ಕಾಯಿಲೆಯವರಲ್ಲಿ ಕೆಲವರಿಗೆ ಬಿಗಿಯಾಗಿ ಒತ್ತಿದ ಕಡೆಯೆಲ್ಲ ಸ್ವಲ್ಪ ಹೊತ್ತಿನ ಮೇಲೆ ಊದುತ್ತದೆ, ಏನು ಕಟ್ಟಿದ್ದರೂ ಊದುತ್ತಿತ್ತು, ಬರೀ ಪಟ್ಟಿ ಸಾಕಿತ್ತು ಎಂದರು ಡಾಕ್ಟರಮ್ಮ. ಮಾತ್ರೆಗಳನ್ನು ಕೆಲವು ದಿನ ನಿಲ್ಲಿಸಿ ಬನ್ನಿ, ಒಂದು ಪರೀಕ್ಷೆ ಮಾಡೋಣ ಎಂದು ಕಳಿಸಿದರು.

ಮಾತ್ರೆ ನಿಲ್ಲಿಸಿದ ದಿನಗಳನ್ನು ಅವಳು ಹೇಗೆ ಕಳೆದಳೋ. ಮತ್ತೆ ಹೋದಾಗ ಕುತ್ತಿಗೆಯಿಂದ ಕಾಲಿನವರೆಗೆ ಗಂಧೆ, ಒಂದು ಮುಂಗೈ ಮಾತ್ರ ಬಿಡುವಾಗಿತ್ತು. ನರ್ಸಮ್ಮ ಅವಳ ರಕ್ತ ತೆಗೆದುಕೊಂಡು ಹೋದರು. ಅದನ್ನು ಯಂತ್ರದಲ್ಲಿ ತಿರುಗಿಸಿ, ಕೆಂಪನ್ನು ಕೆಳಗೆ ಬಿಟ್ಟು, ಮೇಲಿನ ತಿಳಿ ಹಳದಿ ನೀರನ್ನು ತಂದರು. ಬಿಡುವಾಗಿದ್ದ ಮುಂಗೈಯಲ್ಲಿ ಮೂರು ಕಡೆ ಚರ್ಮದಡಿಗೆ ಸಣ್ಣಗೆ ಚುಚ್ಚಿದರು. ಮೊದಲನೆಯದು ಬರೀ ಉಪ್ಪುನೀರು. ಎರಡನೆಯದು ಎಂಥವರಿಗೂ ದದ್ದು ಏಳಿಸುವ ಔಷಧಿ. ಮೂರನೆಯದು ಅವಳದೇ ರಕ್ತದ ತಿಳಿ. ಕಾಯಿರಿ ಎಂದರು.

ನಾವು ಕಾದೆವು. ಉಪ್ಪುನೀರಿನ ಚುಕ್ಕೆ ಹಾಗೇ ಇತ್ತು. ಔಷಧಿಯದು ಊದಿತು. ಮೂರನೆಯದು ಮೊದಲು ತಿಳಿಗೆಂಪಾಯಿತು, ನಂತರ ದದ್ದು ಕಟ್ಟಿತು, ನೋಡನೋಡುತ್ತ ಔಷಧಿಯದಕ್ಕೆ ಸಮನಾಯಿತು. ಸೂಜಿಯಕ್ಕ ರಫೂ ನೋಡುವ ಹಾಗೆ ತೋಳನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಹೊರಗಿನಿಂದ ಬಂದದ್ದರ ಮೇಲೆ ಕಾದಾಡಲೆಂದು ಮೈಯಲ್ಲಿ ಒಂದು ಕಾವಲು ಇರುತ್ತದೆ. ಕೆಲವರಲ್ಲಿ ಅದು ಗುರುತು ತಪ್ಪಿ ತನ್ನ ಮನೆಯವರ ಮೇಲೇ ಕೈ ಮಾಡುತ್ತದೆ. ಚರ್ಮದಲ್ಲಿ ಕೆಲವು ಕಣಗಳಿವೆ, ಅವುಗಳ ಹೊಟ್ಟೆಯಲ್ಲಿ ತುರಿಕೆಯ ರಸ ತುಂಬಿರುತ್ತದೆ. ಈ ತಪ್ಪಿದ ಕಾವಲು ಹೋಗಿ ಅವುಗಳನ್ನು ಕೆಣಕಿದರೆ ರಸ ಚೆಲ್ಲುತ್ತದೆ, ಗಂಧೆ ಏಳುತ್ತದೆ. ಒಂದೂವರೆ ತಿಂಗಳು ದಾಟಿದ ಮೇಲೂ ದಿನಾ ಏಳುವ ಗಂಧೆಯಲ್ಲಿ ಹೆಚ್ಚಿನವರಿಗೆ ಹೊರಗಿನ ಕಾರಣ ಸಿಗುವುದೇ ಇಲ್ಲ, ಬಹಳ ಮಂದಿಯಲ್ಲಿ ಹೀಗೇ ಇರುತ್ತದೆ. ಈ ಒಂದು ಪರೀಕ್ಷೆಯಿಂದಲೇ ಎಲ್ಲ ತೀರ್ಮಾನವಾಗದು, ಸುಳಿವು ಮಾತ್ರ ಸಿಗುತ್ತದೆ ಎಂದರು. ಇಂಥವರಲ್ಲಿ ಥೈರಾಯ್ಡಿನ ಮೇಲೂ ಆ ಕಾವಲು ತಿರುಗಿ ಬಿದ್ದಿರುವುದುಂಟು ಎಂದು ಅದನ್ನೂ ನೋಡಿಸಿದ್ದರು. ಅಲ್ಲೂ ಶುರುವಾಗಿತ್ತು. ದಿನಾ ತಪ್ಪದೆ ತೆಗೆದುಕೊಳ್ಳಬೇಕಾದ, ನಿದ್ದೆ ಬರಿಸದ ಮಾತ್ರೆ ಕೊಟ್ಟರು, ಸಾಲದಿದ್ದರೆ ತಾವೇ ಹೆಚ್ಚಿಸುವುದಾಗಿ, ಅದಕ್ಕೂ ಬಗ್ಗದಿದ್ದರೆ ಇಂಜೆಕ್ಷನ್ ಇದೆಯೆಂದು ಹೇಳಿದರು. ಇದು ಯಾರಿಂದಲೂ ಅಂಟುವುದಿಲ್ಲ, ಯಾರಿಗೂ ಅಂಟುವುದಿಲ್ಲ ಎಂದು ಎರಡು ಸಲ ಹೇಳಿದರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವಳು ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ, ‘ಅಂಗಡೀಲಿ ಯಾರ್ ಮುಂದೇನೂ ಹೇಳ್ಬೇಡ’ ಎಂದಳು. ನನಗೆ ರೇಗಿತು. ಬೇಕರಿ ಮೇಲೆ ಒಬ್ಬಳು ಕೆಲಸವಿಲ್ಲದೆ ಕೂತಿದ್ದಾಳೆ, ಬಾಗಿಲಿಗೆ ರಫೂ ಬೋರ್ಡು ಹಾಕಿಕೊಂಡರೂ ಮೆಟ್ಟಿಲು ಹತ್ತುವವರಿಲ್ಲ, ಅವಳ ಕೈಗೆ ಕಟ್ಟಿದ ಕೆಟ್ಟ ಹೆಸರನ್ನು ನೀನೇ ಬಿಚ್ಚಬೇಕು ಎಂದೆ. ಅವಳು ಬಸ್ಸು ಬರುವ ದಾರಿ ನೋಡುತ್ತ ನಿಂತಳು. ನಾನೇ ಯಜಮಾನರ ಕಿವಿಗೆ ಹಾಕಿದೆ. ಅವರು, ನಿನ್ನ ಬಾಯಲ್ಲಿ ಬಂದರೆ ಅದು ಚಾಡಿ, ಅವಳ ಬಾಯಲ್ಲೇ ಬರಬೇಕು ಎಂದು ಕೈ ತೊಳೆದುಕೊಂಡರು. ನನ್ನ ಮಾತಿಗೆ ಯಾರೂ ಸೊಪ್ಪು ಹಾಕಲಿಲ್ಲ.

ಮಾತ್ರೆ ಹಿಡಿಯಿತು. ಗಂಧೆ ಕಡಿಮೆಯಾಯಿತು, ಕೈ ಸ್ಥಿರವಾಯಿತು, ಕೋಟುಗಳು ಕಿಟಕಿಗೆ ವಾಪಸು ಬಂದವು. ಮೈ ತಣ್ಣಗಾದರೂ ಹೊಟ್ಟೆ ತಣ್ಣಗಾಗಲಿಲ್ಲ. ಎದುರಿಗೆ ಇಲ್ಲದವಳ ಮೇಲೆ ಅಷ್ಟು ಹೊಟ್ಟೆಕಿಚ್ಚು ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಯಾರಾದರೂ ಬೆಂಚಿನ ಕಡೆ ಕಣ್ಣು ಹಾಯಿಸಿದರೆ ಸಾಕು, ಯಾರನ್ನು ಹುಡುಕುತ್ತಿದ್ದೀರಿ ಎಂದು ಗದರಿಸುವಳು. ಮೈದುನ ಅಣ್ಣನನ್ನು ನೋಡಲು ಬಂದರೆ, ಅವಳಿಗೆ ಕೆಲಸ ಸಿಕ್ಕಿತೇ ಎಂದು ನೇರ ಕೇಳದೆ, ಬೇಕರಿ ಬೀದಿಯಲ್ಲಿ ಜನ ಓಡಾಡುತ್ತಾರೆಯೇ ಎಂದು ಸುತ್ತಿ ಬಳಸಿ ಕೇಳುವಳು. ಇಲ್ಲ ಎಂದರೆ ಅವಳ ಮುಖ ಅರಳುತ್ತಿತ್ತು, ಮರುಕ್ಷಣ ಆ ಅರಳಿದ್ದಕ್ಕೆ ಅವಳಿಗೇ ಸಿಟ್ಟು ಬಂದು ಎದ್ದು ಹೋಗುತ್ತಿದ್ದಳಂತೆ. ಇದನ್ನು ಹೇಳಿದವನು ಅವಳ ಗಂಡ.

ಹೀಗಿರುವಾಗ ಒಂದು ಬೆಳಿಗ್ಗೆ ವಕೀಲರಮ್ಮ ಒಬ್ಬರು ಬಂದರು. ಅವರ ಕಪ್ಪು ಕೋಟಿಗೆ ಮೊಳೆ ತಗುಲಿ ತೋಳಿನಲ್ಲಿ ತೂತಾಗಿತ್ತು. ಹಿಂದೊಮ್ಮೆ ಬೆನ್ನಿನ ಭಾಗ ಹರಿದಾಗ ವಾರಗಿತ್ತಿ ರಫೂ ಮಾಡಿಕೊಟ್ಟಿದ್ದಳು. ಅವರು ಬೆಂಚಿನ ಕಡೆ ನೋಡಿದರು, ಯಜಮಾನರು ಅವಳು ಬಿಟ್ಟು ಹೋದಳೆಂದರು. ವಕೀಲರಮ್ಮ ದನಿ ತಗ್ಗಿಸದೆ ಕಿಟಕಿಯ ಕಡೆಗೇ ತಿರುಗಿದರು.

‘ಅವರ ಕೈ ತಾಗಿದ್ರೆ ಮೈಗೆ ಏನೋ ಆಗುತ್ತೆ ಅಂತ ಕೇಳ್ದೆ. ನಿಮಗೇ ಆಗಿದ್ದಂತೆ. ನಿಜಾನಾ? ನಿಜ ಅಂದ್ರೆ ಇದನ್ನ ನಿಮಗೇ ಕೊಡ್ತೀನಿ. ನಮ್ಮ ಕೋರ್ಟಿನವರ ಕೋಟುಗಳೂ ಇನ್ಮೇಲೆ ಇಲ್ಲಿಗೇ ಬರ್ತವೆ.’

ನಾನು ಇಸ್ತ್ರಿಯನ್ನು ಎತ್ತಿಟ್ಟು ಬಾಗಿಲಿಗೆ ಬಂದೆ. ಯಜಮಾನರು ನನ್ನನ್ನು ನೋಡಿದರು, ನಾನು ಸೂಜಿಯಕ್ಕನನ್ನು. ಅವಳು ‘ಹೂಂ’ ಎಂದರೆ ಸಾಕಿತ್ತು. ಹೂಂ ಎನ್ನದೆ ಸುಮ್ಮನೆ ಕೋಟನ್ನು ತೆಗೆದುಕೊಂಡಿದ್ದರೂ ಸಾಕಿತ್ತು. ತೆಗೆದುಕೊಂಡಳು. ತೋಳಿನ ತೂತಿನ ಕಡೆ ನೋಡಲೇ ಇಲ್ಲ, ಕೋಟನ್ನು ತಿರುಗಿಸಿ ಬೆನ್ನಿನ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಓರೆ ಮಾಡಿ ಹಿಡಿದಳು. ಬೆರಳು ಆಡಿಸಿದಳು. ಒಳಮಗ್ಗುಲು ಹೊರಳಿಸಿ ನೋಡಿದಳು, ಮತ್ತೆ ಹೊರಮಗ್ಗುಲು. ಕನ್ನಡಕ ತೆಗೆದು ಬಟ್ಟೆಯನ್ನು ಕಣ್ಣಿಗೆ ಹತ್ತಿರ ತಂದಳು. ಏನು ಹೇಳುವುದೆಂದು ಹೊತ್ತು ತಳ್ಳುತ್ತಿದ್ದಾಳೆ ಎಂದುಕೊಂಡೆ ನಾನು. ವಕೀಲರಮ್ಮ ಗಡಿಯಾರ ನೋಡಿಕೊಂಡರು.

ಸೂಜಿಯಕ್ಕ ಕೋಟನ್ನು ಮಡಿಸಿದಳು. ಅವಳ ಮುಖ ಬಿಳುಚಿಕೊಂಡಿತ್ತು.

‘ಸುಳ್ಳು’ ಎಂದಳು. ‘ಅವಳ ಕೈಯಲ್ಲಿ ಏನೂ ಇಲ್ಲ. ನನ್ನ ಮೈಯೇ ನನ್ನ ಮೇಲೆ ತಿರುಗಿ ಬಿದ್ದಿದೆ. ಡಾಕ್ಟ್ರು ನನ್ನದೇ ರಕ್ತ ನನಗೇ ಚುಚ್ಚಿ ತೋರಿಸಿದ್ರು. ಗೊತ್ತಾಗಿ ಬಹಳ ದಿನ ಆಯ್ತು, ನಾನೇ ಹೇಳ್ಲಿಲ್ಲ. ಬೇಕರಿ ಪಕ್ಕದ ಮೆಟ್ಲು ಹತ್ತಿ ಹೋಗಿ, ಎಡಗಡೆ ಬಾಗ್ಲು. ಅವಳಿಗೇ ಕೊಡಿ.’

ವಕೀಲರಮ್ಮ ಕೋಟನ್ನು ತೆಗೆದುಕೊಂಡು ಹೋದರು. ಯಜಮಾನರು ಏನು ಮಾಡಬೇಕೆಂದು ತಿಳಿಯದೆ ಕೌಂಟರು ಒರೆಸತೊಡಗಿದರು. ನಾನು ಹತ್ತಿರ ಹೋದೆ. ಒಳ್ಳೇ ಕೆಲಸ ಮಾಡಿದೆ ಅಕ್ಕ, ಇನ್ನು ಮನಸ್ಸು ಹಗುರಾಗುತ್ತೆ ನೋಡು ಎಂದೆ. ಅವಳು ನನ್ನ ಕೈಯನ್ನು ತಳ್ಳಿಬಿಟ್ಟಳು. ಕಣ್ಣಿಂದ ನೀರು ಸುರಿಯುತ್ತಿತ್ತು.

‘ಹಗುರಾನೂ ಇಲ್ಲ, ಮಣ್ಣೂ ಇಲ್ಲ. ಹೊಟ್ಟೆ ಉರ್ದು ಹೋಗ್ತಿದೆ ಕಣೆ’ ಎಂದಳು. ‘ಅಷ್ಟು ಹೊತ್ತು ಹುಡುಕ್ದೆ. ಅವಳು ಮಾಡಿದ್ದು ಆ ಕೋಟಲ್ಲಿ ಎಲ್ಲಿದೆ ಅಂತ ನಂಗೇ ಸಿಗ್ಲಿಲ್ಲ.’